ಅರ್ಧಕ್ಕೆ ಕೈಬಿಟ್ಟ ಉಸಿರು

ಅವತ್ತು ಬೆಳಿಗ್ಗೆ ಗಾಳಿಯೇ ಇರಲಿಲ್ಲ.

ಆಸ್ಪತ್ರೆಯ ಅಂಗಳದ ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ಬಿಳಿ ಹೊದಿಕೆಗಳು ಕಲ್ಲಿನಲ್ಲಿ ಕಡೆದಿಟ್ಟ ಹಾಗೆ ನೆಟ್ಟಗೆ ಇಳಿಬಿದ್ದಿದ್ದವು. ಭೂಮಿಯ ಮೇಲಿನ ಯಾವುದೋ ಸಣ್ಣ ಸದ್ದನ್ನು ಕೇಳಿಸಿಕೊಳ್ಳಬೇಕೆಂದು ಆ ಭಗವಂತನೇ ಒಂದು ಗಳಿಗೆ ಉಸಿರು ಬಿಗಿಹಿಡಿದಂತಿತ್ತು.

ಅಂಥ ಬೆಳಿಗ್ಗೆ ಅವಳು ಅವನನ್ನು ಮೊದಲ ಸಲ ಕಂಡಳು. ಸರಿಯಾಗಿ ಹೇಳಬೇಕೆಂದರೆ, ಮೊದಲು ಕಂಡದ್ದು ಅವನನ್ನಲ್ಲ. ಒಂದು ಜ್ವಾಲೆಯನ್ನು.

ನೆಲಮಹಡಿಯ ಫಿಸಿಯೋಥೆರಪಿ ಕೋಣೆಯಲ್ಲಿ, ಉಸಿರಾಟದ ತೊಂದರೆ ಇರುವವರಿಗಾಗಿ ಮೇಜಿನ ಮೇಲೆ ಸದಾ ಒಂದು ಮೇಣದಬತ್ತಿ ಇರುತ್ತಿತ್ತು. ಸ್ವಲ್ಪ ದೂರ ಕುಳಿತು ಮೆಲ್ಲಗೆ ಊದಬೇಕು. ಜ್ವಾಲೆ ಬಾಗಬೇಕು, ಆದರೆ ಆರಬಾರದು. ಎಂಥವರಿಗೂ ಕೆಲವು ಕ್ಷಣಗಳಲ್ಲಿ ಉಸಿರು ಮುಗಿದು ಜ್ವಾಲೆ ನೆಟ್ಟಗಾಗಿಬಿಡುತ್ತದೆ.

ಅವಳು ಒಳಗೆ ಕಾಲಿಟ್ಟಾಗ ಮೇಜಿನ ಸುತ್ತ ರೋಗಿಗಳ ಗುಂಪು.

"ಬನ್ನಿ ಉಸಿರು ಮೇಡಂ, ಬೇಗ ಬನ್ನಿ! ಈ ಮನುಷ್ಯ ಉಸಿರೇ ತಗೊಳ್ತಿಲ್ಲ!"

ಉಸಿರು ಮೇಡಂ... ರೋಗಿಗಳು ಅವಳಿಗೆ ಇಟ್ಟ ಹೆಸರು ಅದು. ಅವಳು ಗುಂಪನ್ನು ಸರಿಸಿ ಇಣುಕಿದಳು.

ಜ್ವಾಲೆ ಬಾಗಿತ್ತು. ಬಾಗಿಯೇ ಇತ್ತು! ಒಂದು ಚೂರೂ ನಡುಗದೆ, ಯಾರೋ ಬೆರಳಿನಿಂದ ಒತ್ತಿ ಹಿಡಿದ ಹಾಗೆ.

"ನಾನು ಒಂದ್ಸಲ ಆಕಳಿಸಿ, ಕನ್ನಡಕ ಒರೆಸ್ಕೊಂಡು ನೋಡ್ದೆ. ಇನ್ನೂ ಹಾಗೇ ಇದೆ," ಎಂದರು ಒಬ್ಬ ಮುದುಕರು.

"ಇವರಿಗ್ಯಾಕೆ ಚಿಕಿತ್ಸೆ? ಇವರೇ ನಮಗೆ ಕೊಡಲಿ," ಎಂದ ಪೈಲ್ವಾನ್. ಅವಳ ಜೊತೆ ಕೆಲಸ ಮಾಡುವ ಇನ್ನೊಬ್ಬ ಫಿಸಿಯೋಥೆರಪಿಸ್ಟ್ ಆತ. ಬಾಗಿಲಿನಷ್ಟು ಅಗಲದ ಮೈ, ಮಗುವಿನಂಥ ದನಿ.

ಊದುತ್ತಿದ್ದವನು ನಿಲ್ಲಿಸಿ ಅವಳ ಕಡೆ ತಿರುಗಿದ. ಕುತ್ತಿಗೆ ಮಾತ್ರ ತಿರುಗಲಿಲ್ಲ, ಇಡೀ ದೇಹವೇ ತಿರುಗಿತು. ಬೆನ್ನು ಮುಂದಕ್ಕೆ ಬಾಗಿತ್ತು. ಮೂವತ್ತು ದಾಟಿದ ಮುಖದಲ್ಲಿ ಕಣ್ಣುಗಳು ಮಾತ್ರ ಬೆಂಕಿಯ ಮುಂದೆ ಕುಳಿತವರ ಕಣ್ಣುಗಳ ಹಾಗೆ ಶಾಂತವಾಗಿದ್ದವು.

"ಅಕ್ಕಸಾಲಿಗ ನಾನು," ಎಂದ ಸಂಕೋಚದಿಂದ. "ಊದುಗೊಳವೆ ಕಚ್ಚಿಕೊಂಡೇ ಬೆಳೆದವನು. ದೀಪ ಕಂಡ್ರೆ ಸುಮ್ನಿರೋಕಾಗಲ್ಲ."

ಅವಳಿಗೆ ನಗು ಬಂತು. ಆದರೂ ಮನಸ್ಸಿನಲ್ಲಿ ಏನೋ ಚುಚ್ಚಿತು. ಡಾಕ್ಟರು ಹೇಳಿ ಕಳಿಸಿದ್ದು ಬೇರೆಯೇ ಇತ್ತಲ್ಲ... ಈ ಮನುಷ್ಯನಿಗೆ ಉಸಿರಾಟವೇ ಕಷ್ಟ ಎಂದು?

"ಇನ್ನೊಂದ್ಸಲ ಊದಿ," ಎಂದು ಅವನ ಹಿಂದೆ ನಿಂತು, ಎರಡೂ ಅಂಗೈಗಳನ್ನು ಅವನ ಪಕ್ಕೆಲುಬುಗಳ ಮೇಲೆ ಇಟ್ಟಳು.

ಜ್ವಾಲೆ ಬಾಗಿತು. ನೋಡುತ್ತಿದ್ದವರು 'ಆಹಾ' ಎಂದರು.

ಅವಳ ಅಂಗೈಯ ಕೆಳಗೆ ಮಾತ್ರ ಏನೂ ಅಲುಗುತ್ತಿರಲಿಲ್ಲ. ಗೋಡೆಯ ಮೇಲೆ ಕೈಯಿಟ್ಟಂತಿತ್ತು.

"ನಿಲ್ಲಿಸಿ! ನೀವು ಎದೆಯಿಂದ ಊದ್ತಾನೇ ಇಲ್ಲ."

"ಮತ್ತೆಲ್ಲಿಂದ ಊದ್ತಿದೀನಿ ಮೇಡಂ?"

"ಕೆನ್ನೆಯಿಂದ. ಗಾಳೀನ ಕೆನ್ನೆಯಲ್ಲಿ ಕೂಡಿಟ್ಕೊಂಡು, ಅದು ಹೊರಗೆ ಹೋಗ್ತಿರುವಾಗ್ಲೇ ಮೂಗಿನಿಂದ ಚೂರು ಚೂರೇ ಎಳ್ಕೊಳ್ತೀರಿ. ನಿಮ್ಮ ಎದೆ ಮಿಸುಕೋದೇ ಇಲ್ಲ!"

ಅವನು ತನ್ನದೇ ಎದೆಯನ್ನು ಹೊಸದಾಗಿ ನೋಡುವವನಂತೆ ತಲೆ ಬಗ್ಗಿಸಿದ.

"ಅದಕ್ಕೇ ಇರಬೇಕು..." ಎಂದ ಮೆಲ್ಲಗೆ. "ಸೀನು ಬಂದ್ರೆ ಪಕ್ಕೆ ಒಡೆದು ಹೋಗುತ್ತೇನೋ ಅನ್ಸುತ್ತೆ. ಆಕಳಿಕೆ ಪೂರ್ತಿ ಬರೋದೇ ಇಲ್ಲ. ಅರ್ಧಕ್ಕೇ ನಿಂತ್ಹೋಗುತ್ತೆ. ಹೋದ ವರ್ಷದಿಂದ ಮೆಟ್ಟಿಲು ಹತ್ತಿದ್ರೆ ಲೋಕ ತಿರುಗುತ್ತೆ."

ಅವಳು ಕೈ ತೆಗೆದಳು. ಹೆದರಿಕೆಗಿಂತ ಹೆಚ್ಚಾಗಿ ಒಂದು ಬೆರಗು ಅವಳನ್ನು ಆವರಿಸಿತ್ತು. ಎದೆ ಸೋತಾಗ ಕೆನ್ನೆ ಅದರ ಮಾನ ಕಾಪಾಡಿಕೊಂಡು ಬಂದಿದೆ! ಯಾರಿಗೂ, ಅವನಿಗೂ, ಗೊತ್ತಾಗದ ಹಾಗೆ! ಈ ದೇಹವೆಂಬುದನ್ನು ಕಟ್ಟಿದವನು ಎಂಥ ಕರುಣಾಳುವಾಗಿರಬೇಕು...

*

ಅವನದು ಬೆನ್ನುಮೂಳೆಯ ಉರಿಯೂತದ ಸಂಧಿವಾತ. ದೇಹ ತನ್ನ ಕೀಲುಗಳ ಮೇಲೆ ತಾನೇ ಮುನಿಸಿಕೊಳ್ಳುವ ಕಾಯಿಲೆ. ಬೆಳಿಗ್ಗೆ ಏಳುವಾಗ ಬೆನ್ನು ಹಲಗೆಯಾಗಿರುತ್ತದೆ. ಸುಮ್ಮನೆ ಮಲಗಿದರೆ ಇನ್ನೂ ಬಿಗಿಯುತ್ತದೆ, ಆಡಿಸಿದರೆ ಸಡಿಲವಾಗುತ್ತದೆ. ಬೆನ್ನಿಗೆ ಪಕ್ಕೆಲುಬು ಸೇರುವ ಪುಟ್ಟ ಕೀಲುಗಳೂ ಬಿಗಿದರೆ ಎದೆಗೂಡು ಅರಳುವುದನ್ನೇ ಮರೆಯುತ್ತದೆ. ಉರಿ ತಗ್ಗಿಸಲು ಡಾಕ್ಟರು ಮದ್ದು ಕೊಟ್ಟಿದ್ದರು. ಮರೆತ ಎದೆಗೆ ಅರಳುವುದನ್ನು ಮತ್ತೆ ಕಲಿಸುವುದು ಅವಳ ಕೆಲಸ.

ಅವನ ಜೊತೆ ದಿನವೂ ಅವನ ಅಕ್ಕ ಬರುತ್ತಿದ್ದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮೂಲೆಯ ಬೆಂಚಿನಲ್ಲಿ ಕುಳಿತು ಎಲ್ಲಕ್ಕೂ ಒಂದು ಮಾತು ಸೇರಿಸುವಳು.

"ಲೋ ಪುಟ್ಟಾ, ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲೋ."

"ನೆಟ್ಟಗೆ ನಿಲ್ಲೋಕಾಗ್ದೇ ತಾನೇ ಅಕ್ಕಾ ಇಲ್ಲಿಗೆ ಬಂದಿರೋದು?"

"ಬಾಯಿಗೇನೂ ಕಾಯಿಲೆ ಬಂದಿಲ್ಲ ನೋಡಿ ಮೇಡಂ. ಅದೊಂದು ಚೆನ್ನಾಗಿ ಆಡುತ್ತೆ!"

ಅವಳು ಅವನನ್ನು ಹೊಟ್ಟೆಯ ಮೇಲೆ ಮಲಗಿಸಿದಳು. ಗೋಡೆಯ ಮುಂದೆ ತೋಳು ಚಾಚಿಸಿದಳು. ಟವೆಲನ್ನು ಪಕ್ಕೆಗೆ ಸುತ್ತಿ, ಬಿಗಿಹಿಡಿದು, ಅದರ ವಿರುದ್ಧ ಉಸಿರೆಳೆಯಲು ಹೇಳಿದಳು. ಆಮೇಲೆ ಅಂಗೈಗಳನ್ನಿಟ್ಟು ಅದೇ ಮಾತು, ಮತ್ತೆ ಮತ್ತೆ:

"ಭುಜ ಎತ್ತಬೇಡಿ. ಕೆನ್ನೆ ಮರೆತುಬಿಡಿ. ಉಸಿರು ಪಕ್ಕಕ್ಕೆ ಹೋಗಲಿ. ನನ್ನ ಕೈಯನ್ನ ಹೊರಗೆ ತಳ್ಳಿ..."

"ತಳ್ತಾ ಇದೀನಿ ಮೇಡಂ. ನಿಮ್ಮ ಕೈ ಹೋಗ್ತಿಲ್ಲ."

"ಕೈ ಹೋಗೋಕೆ ರೆಡಿ ಇದೆ. ನೀವೇ ಕಳಿಸ್ತಿಲ್ಲ."

ಅವನು ನಕ್ಕ. ನಕ್ಕರೆ ಪಕ್ಕೆ ನೋಯುತ್ತಿತ್ತು. ಆದರೂ ನಕ್ಕ.

ಬಿಡುವಿನಲ್ಲಿ ತನ್ನ ಕೆಲಸದ ಕಥೆ ಹೇಳುತ್ತಿದ್ದ. "ದೊಡ್ಡ ಒಡವೆಗೆ ಗ್ಯಾಸಿನ ಬೆಂಕಿ ಸಾಕು. ಸಾಸಿವೆಗಿಂತ ಚಿಕ್ಕ ಮಣಿ ಕೂರಿಸೋಕೆ ನನಗೆ ಬಾಯುಸಿರೇ ಬೇಕು. ಬೆಸುಗೆ ಕರಗೋ ಆ ಒಂದು ಕ್ಷಣ ಇದೆಯಲ್ಲ... ಚಿನ್ನ ಜೀವ ಬಂದ ಹಾಗೆ ಹೊಳೆಯುತ್ತೆ. ಆಗ ಜ್ವಾಲೆ ನಡುಗಬಾರದು. ನಡುಗಿದ್ರೆ ಎಲ್ಲಾ ಕರಗಿ ಮುದ್ದೆ."

"ಈಗ ನಡುಗುತ್ತಾ?"

ಅವನು ಅಕ್ಕ ಕೇಳಿಸಿಕೊಳ್ಳುತ್ತಿಲ್ಲವೆಂದು ನೋಡಿಕೊಂಡ. "ಒಂದು ದೀಪಕ್ಕೆ ಕೆನ್ನೆ ಸಾಕು ಮೇಡಂ. ಬೆಸುಗೆಯ ಕಾವಿಗೆ ಸಾಲಲ್ಲ. ಕೆಲವು ತಿಂಗಳಿಂದ ನಡುಗುತ್ತೆ. ಯಾರಿಗೂ ಹೇಳಿಲ್ಲ. ನನಗೆ ಬೇರೆ ಕೆಲಸ ಬರಲ್ಲ. ಅದು ನಿಂತ್ರೆ... ನಾನೂ ನಿಂತ ಹಾಗೇ."

ಅಂದಿನಿಂದ ಅವಳು ಅವನ ಪಕ್ಕೆಯ ಮೇಲೆ ಕೈಯಿಡುವಾಗಲೆಲ್ಲ ಮನಸ್ಸಿನಲ್ಲೇ ಒಂದು ಬೇಡಿಕೆ ಇಡುತ್ತಿದ್ದಳು. 'ಸ್ವಾಮೀ, ಇಷ್ಟೇ ಇಷ್ಟು ಅರಳಿಸು. ಒಂದು ಬೆರಳಗಲ ಸಾಕು...'

*

ಆ ಬೇಡಿಕೆ ಫಲಿಸಿದ್ದು ಒಂದು ಸಾಮಾನ್ಯ ಬೆಳಿಗ್ಗೆ.

ಅಕ್ಕ ಬೆಂಚಿನಲ್ಲಿ ತೂಕಡಿಸುತ್ತಿದ್ದಳು. ಪೈಲ್ವಾನ್ ಯಾರದೋ ಮಂಡಿ ಮಡಿಸುತ್ತಿದ್ದ. ಅವಳು ಎಂದಿನಂತೆ ಅವನ ಹಿಂದೆ ನಿಂತು ಹೇಳಿದಳು, "ಪಕ್ಕಕ್ಕೆ... ನಿಧಾನ..."

ಅವನ ಬಾಯಿ ತೆರೆಯಿತು. ಅದೊಂದು ಆಕಳಿಕೆ. ಎಂದಿನಂತೆ ನಡುವೆ ಬಂದು ತಡೆಯಿತು. ತಡೆದು...

ಮುಂದಕ್ಕೆ ಹೋಯಿತು!

ಅವಳ ಎರಡೂ ಅಂಗೈಗಳು ತಾವಾಗಿಯೇ ದೂರ ದೂರ ಸರಿದವು. ಗೋಡೆಯಂತಿದ್ದ ಜಾಗದಲ್ಲಿ ಏನೋ ಬಿಚ್ಚಿಕೊಂಡಿತು. ಒಂದೊಂದೇ ಪಕ್ಕೆಲುಬು, ಬೆಳಕಿಗೆ ಹೂವಿನ ಎಸಳು ಏಳುವ ಹಾಗೆ, ಮೆಲ್ಲಗೆ ಎದ್ದು ಅವಳ ಬೆರಳುಗಳನ್ನು ಹೊತ್ತುಕೊಂಡು ಹೊರಟಿತು. ವರ್ಷಗಳಿಂದ ಗಾಳಿ ಕಾಣದ ಮೂಲೆಗಳಿಗೆ ಗಾಳಿ ನುಗ್ಗುವುದು ಅವಳ ಚರ್ಮಕ್ಕೇ ಕೇಳಿಸಿತು.

ಎಂಥ ಉದ್ದದ ಆಕಳಿಕೆ! ಕಣ್ಣಲ್ಲಿ ನೀರು ತುಂಬುವಂಥದ್ದು, ಕೊನೆಯಲ್ಲಿ ಒಂದು ಸದ್ದಿನೊಂದಿಗೆ ಮುಗಿಯುವಂಥದ್ದು.

ಅಕ್ಕ ಬೆಚ್ಚಿ ಎದ್ದಳು. "ಯಾರದು ಹಂಗೆ ಆಕಳಿಸಿದ್ದು? ಮಾನ ಮರ್ಯಾದೆ ಬೇಡ್ವಾ?"

"ನಾನೇ ಅಕ್ಕಾ," ಎಂದ ಅವನು. "ಪೂರ್ತಿ ಬಂತು. ಅಕ್ಕಾ, ಪೂರ್ತಿ ಬಂತು!"

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಒಂದು ಆಕಳಿಕೆಗೆ ಚಪ್ಪಾಳೆ ಬಿದ್ದದ್ದು ಲೋಕದಲ್ಲಿ ಅದೇ ಮೊದಲಿರಬೇಕು.

ಅವಳು ಮಾತ್ರ ಅಲ್ಲೇ ನಿಂತಿದ್ದಳು. ಕೈಗಳು ಇನ್ನೂ ಅವನ ಪಕ್ಕೆಯ ಮೇಲೇ ಇದ್ದವು.

"ಮೇಡಂ..." ಅವನು ಯಾರಿಗೂ ಕೇಳದಂತೆ ಹೇಳಿದ, "ನಿಮ್ಮ ಕೈ ನಡುಗ್ತಾ ಇದೆ."

ಬೆಂಕಿ ತಾಗಿದವಳಂತೆ ಅವಳು ಕೈ ಎಳೆದುಕೊಂಡಳು.

ಹೌದು, ನಡುಗುತ್ತಿತ್ತು. ಯಾಕೆಂದು ಅವಳಿಗೆ ತಿಳಿಯದೆಯೂ ಇರಲಿಲ್ಲ. ಎಷ್ಟೋ ಬೆನ್ನುಗಳನ್ನು, ಎಷ್ಟೋ ಎದೆಗಳನ್ನು ಮುಟ್ಟಿದ ಕೈ ಅದು. ಯಾವತ್ತೂ ನಡುಗಿರಲಿಲ್ಲ. ರೋಗಿಯನ್ನು ಮುಟ್ಟುವ ಕೈಯಲ್ಲಿ ಚಿಕಿತ್ಸೆ ಬಿಟ್ಟು ಬೇರೇನೂ ಇರಕೂಡದು. ದೇವರ ಮುಂದೆ ನಿಂತಷ್ಟೇ ಶುದ್ಧವಾಗಿ ಅವಳು ಅದನ್ನು ನಂಬಿದ್ದಳು. ಇವತ್ತು ಆ ಕೈಯಲ್ಲಿ ಇನ್ನೇನೋ ಸೇರಿಕೊಂಡಿತ್ತು.

ಕಾರಿಡಾರಿನಲ್ಲಿ ಪೈಲ್ವಾನ್‌ನನ್ನು ತಡೆದು ನಿಲ್ಲಿಸಿದಳು.

"ಅಣ್ಣಾ, ನಾಳೆಯಿಂದ ಅಕ್ಕಸಾಲಿಗರನ್ನ ನೀವು ನೋಡ್ಕೊಳ್ತೀರಾ?"

"ಯಾಕಮ್ಮಾ? ಈಗ ತಾನೇ ಎದೆ ತೆರೀತು. ಊಟ ಬಡಿಸಿ ಎಲೆ ಕಿತ್ಕೊಂಡ ಹಾಗೆ..." ಎನ್ನುತ್ತ ಅವಳ ಮುಖ ನೋಡಿದವನು ಅಲ್ಲೇ ನಿಂತ. "ಓಹೋ..."

"ಬಾಯಿ ಬಿಡಬೇಡಿ ಅಣ್ಣಾ."

"ನಾನೆಲ್ಲಿ ಬಾಯಿ ಬಿಟ್ಟೆ? ಕಣ್ಣಷ್ಟೇ ಬಿಟ್ಟೆ."

ಆದರೆ ನಗುವನ್ನು ಬದಿಗಿಟ್ಟು ಪೈಲ್ವಾನ್ ಹೇಳಿದ, "ಸರಿಯಾದ ಕೆಲಸ ಮಾಡ್ತಿದೀಯ. ನಾನು ನೋಡ್ಕೊಳ್ತೀನಿ. ಕಾರಣ ಅವರಿಗೆ ಹೇಳು."

ಹೇಳಬೇಕಿತ್ತು. ಹೇಳಲೆಂದೇ ಹೋದಳು.

ಅಷ್ಟರಲ್ಲಿ ಅವನ ಹೊಸ ಎಕ್ಸ್‌ರೇ ಬಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದವಳಿಗೆ ಅವನು ಬಾಗಿಲಲ್ಲಿ ಬಂದು ನಿಂತದ್ದು ಕಂಡಿತು. ಇಷ್ಟು ಹೊತ್ತು ಕಟ್ಟಿಕೊಂಡಿದ್ದ ಮಾತೆಲ್ಲ ಚೆದುರಿಹೋಯಿತು. ಕೆನ್ನೆ ಬಿಸಿಯಾಯಿತು. ತಲೆ ತಗ್ಗಿಸಿದಳು.

"ಏನಾದ್ರೂ ಕಾಣುತ್ತಾ ಮೇಡಂ ಅದ್ರಲ್ಲಿ?"

"ಅದು... ಡಾಕ್ಟರು ಹೇಳ್ತಾರೆ. ನಾಳೆಯಿಂದ ಪೈಲ್ವಾನ್ ಸರ್ ನಿಮ್ಮನ್ನ ನೋಡ್ಕೊಳ್ತಾರೆ."

"ನೀವು?"

"ನಾನು... ಇಲ್ಲ."

"ಯಾಕೆ ಮೇಡಂ?"

'ಯಾಕೆಂದರೆ ನಿಮ್ಮ ಉಸಿರು ನನ್ನ ಕೈಯನ್ನು ದಾಟಿ ಒಳಗೆ ಬಂದುಬಿಟ್ಟಿದೆ.' ಹಾಗೆಂದು ಹೇಳುವುದು ಹೇಗೆ?

"ಸುಮ್ನೆ... ಹಾಗೇ," ಎಂದಳು, ಎಕ್ಸ್‌ರೇಯಿಂದ ಕಣ್ಣೆತ್ತದೆ.

ಅವನು ಅವಳ ತಗ್ಗಿದ ಮುಖ ನೋಡಿದ. ಅವಳ ಕೈಯಲ್ಲಿದ್ದ ತನ್ನ ಬೆನ್ನಿನ ಕಪ್ಪು ಬಿಳುಪು ಚಿತ್ರ ನೋಡಿದ.

"ಸರಿ ಮೇಡಂ. ತುಂಬಾ ಉಪಕಾರ ಆಯ್ತು."

ತಲೆ ಬಾಗಿಸಲಾಗದೆ ಇಡೀ ಮೈಯನ್ನೇ ಬಾಗಿಸಿ, ಹೊರಟುಹೋದ.

*

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ವಾರ ಕಳೆಯಿತು, ಇನ್ನೊಂದು ವಾರವೂ.

"ಅವರಿಗೆ ಕಾದು ಕಾದು ನಾನೇ ಗೋಡೆಗೆ ಆನಿಸಿ ನಿಂತು ಅಭ್ಯಾಸ ಮಾಡ್ಬಿಟ್ಟೆ. ನನ್ನ ಬೆನ್ನು ನೆಟ್ಟಗಾಯ್ತು," ಎಂದ ಪೈಲ್ವಾನ್, ಅವಳನ್ನು ನಗಿಸಲು. ಅವಳು ನಗಲಿಲ್ಲ.

ನನ್ನ ನಡುಗಿದ ಕೈ ಕಂಡು ಅಸಹ್ಯ ಪಟ್ಟುಕೊಂಡರೇನೋ... ಇಂಥವಳ ಕೈಗೆ ಮೈ ಕೊಟ್ಟೆನಲ್ಲ ಎಂದುಕೊಂಡರೇನೋ... ಪೈಲ್ವಾನ್ ಎಷ್ಟೋ ಸಲ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಅವಳಿಗೆ ತಾನೇ ಮಾಡುವ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಅವನ ಅಕ್ಕ! ಮೂಲೆಯ ಬೆಂಚನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಅವಳ ಮುಂದೆ ಬಂದು ನಿಂತಳು.

"ನಿಮಗೆ ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ ಮೇಡಂ. ನನ್ನ ತಮ್ಮನಿಗೆ ಇನ್ನೆಷ್ಟು ದಿನ?"

"ಅಯ್ಯೋ! ಏನ್ ಮಾತು ಅಕ್ಕಾ ಇದು?"

"ಮತ್ತೆ ಯಾಕೆ ಕೈಬಿಟ್ರಿ ಅವನನ್ನ?"

"ಕೈಬಿಡ್ಲಿಲ್ಲ ಅಕ್ಕಾ... ಪೈಲ್ವಾನ್ ಸರ್‌ಗೆ ಒಪ್ಪಿಸ್ದೆ, ಅಷ್ಟೇ."

"ಅದಕ್ಕೇ ಕೇಳ್ತಿರೋದು!" ಅಕ್ಕನ ದನಿ ಒಡೆಯಿತು. "ನಮ್ಮ ಕಸುಬಲ್ಲಿ ಒಂದು ರಿವಾಜು ಇದೆ. ಕೈಗೆತ್ತಿಕೊಂಡ ಒಡವೆ ಅರ್ಧಕ್ಕೆ ಇನ್ನೊಬ್ಬರ ಕೈಗೆ ಕೊಡೋ ಹಾಗಿಲ್ಲ. ಕೊಡ್ತೀವಿ ಅಂದ್ರೆ ಒಂದೇ ಅರ್ಥ. ಸುಟ್ಟುಹೋಗಿದೆ, ಇನ್ನು ಸರಿಯಾಗಲ್ಲ, ಬಾಯಿಬಿಟ್ಟು ಹೇಳೋಕೆ ಮನಸ್ಸು ಬರ್ತಿಲ್ಲ ಅಂತ. ನೀವು ಅವನ ಎಕ್ಸ್‌ರೇ ಹಿಡ್ಕೊಂಡು, ತಲೆ ತಗ್ಗಿಸಿ, ಬೇರೆಯವರು ನೋಡ್ಕೊಳ್ತಾರೆ ಅಂದ್ರಂತಲ್ಲ?"

ಅಂದು ಕಿಟಕಿಯ ಬೆಳಕಿಗೆ ಹಿಡಿದಿದ್ದ ಎಕ್ಸ್‌ರೇ ಅವಳಿಗೆ ನೆನಪಾಯಿತು.

"ಅವತ್ತಿಂದ ಅಭ್ಯಾಸ ಬಿಟ್ಟ. ಮದ್ದು ಮಾತ್ರ ನಾನೇ ಬಾಯಿಗೆ ಹಾಕ್ತಿದೀನಿ. ಬೆಳಗ್ಗೆ ನಾನು ಎಬ್ಬಿಸಿ ಕೂರಿಸ್ಬೇಕು. ಆಕಳಿಕೆ ಮತ್ತೆ ಅರ್ಧಕ್ಕೆ ನಿಲ್ತಿದೆ. ಒಪ್ಕೊಂಡ ಕೆಲಸಗಳನ್ನೆಲ್ಲ ಜನಕ್ಕೆ ವಾಪಸ್ ಕೊಡ್ತಿದಾನೆ. ಇವತ್ತಿಗೆ ಅಂಗಡಿ ಮುಚ್ತಾನಂತೆ. ಯಾಕೋ ಅಂದ್ರೆ, ಮೇಡಂಗೆ ನನ್ನ ಕಥೆ ಗೊತ್ತಾಗಿದೆ ಅಕ್ಕಾ, ಪಾಪ ಅವರಿಗೆ ಹೇಳೋಕಾಗ್ಲಿಲ್ಲ ಅಂತಾನೆ. ನಿಮ್ಮ ಮೇಲೆ ಒಂದು ಕೆಟ್ಟ ಮಾತಿಲ್ಲ ಅವನ ಬಾಯಲ್ಲಿ!"

ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಅಕ್ಕ ಬೆರಗಾಗಿ ನೋಡಿದಳು.

"ಏನು ಮೇಡಂ... ಅಷ್ಟೊಂದು ಕೆಟ್ಟದಿದೆಯಾ?"

"ಇಲ್ಲ ಅಕ್ಕಾ. ಅವರ ಎಕ್ಸ್‌ರೇಯಲ್ಲಿ ಅಂಥದ್ದೇನೂ ಇಲ್ಲ. ಇರೋದೆಲ್ಲ..." ಎದೆಯ ಮೇಲೆ ಕೈಯಿಟ್ಟುಕೊಂಡಳು, "ಇಲ್ಲಿ."

ಅಕ್ಕ ಅವಳ ಮುಖವನ್ನು ನೋಡಿದಳು. ಆ ಕೈಯನ್ನು ನೋಡಿದಳು. ಆಮೇಲೆ ಮೂಲೆಯ ಬೆಂಚಿಗೆ ಹೋಗಿ ಧೊಪ್ಪೆಂದು ಕುಳಿತಳು.

"ನನ್ನಪ್ಪಾ ದೇವರೇ," ಎಂದಳು. "ನಾನಿಲ್ಲೇ ಕೂತು ತೂಕಡಿಸ್ತಿದ್ದೆನಲ್ಲ!"

ಇನ್ನೊಂದು ಮೂಲೆಯಿಂದ ಪೈಲ್ವಾನ್‌ನ ಮಗುವಿನಂಥ ದನಿ ಕೇಳಿತು. "ಹೋಗಮ್ಮಾ. ನಿನ್ನ ರೋಗಿಗಳನ್ನ ಇವತ್ತು ನಾನು ನೋಡ್ಕೊಳ್ತೀನಿ. ಈ ಸಲ ಮಾತ್ರ ಕಾರಣ ಹೇಳ್ಬಿಟ್ಟು ಬಾ."

*

ಕಿರಿದಾದ ಬೀದಿ. ಗಡಿಯಾರ ರಿಪೇರಿ ಮಾಡುವವನ ಪಕ್ಕ, ಮೊಳಕಾಲೆತ್ತರದ ಮರದ ಮೇಜೊಂದು ಹಿಡಿಸುವಷ್ಟೇ ಅಂಗಡಿ. ಮೇಜಿನ ಅಂಚಿಗೆ, ಉದುರುವ ಚಿನ್ನದ ಪುಡಿ ನೆಲಕ್ಕೆ ಬೀಳದಂತೆ ಹಿಡಿಯಲು, ಚರ್ಮದ ಜೋಳಿಗೆ. ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ತಕ್ಕಡಿ. ಇದ್ದಿಲಿನ ತುಂಡು, ಎಣ್ಣೆದೀಪ, ಹಿತ್ತಾಳೆಯ ಊದುಗೊಳವೆ.

ಮೇಜಿನ ಹಿಂದೆ ಅವನು. ಇನ್ನಷ್ಟು ಬಾಗಿದ್ದ.

ಎದುರಿಗೆ ಒಬ್ಬ ಅಜ್ಜಿ ಅಲ್ಲಾಡದೆ ಕುಳಿತಿದ್ದರು.

"ಮುಂದಿನ ಬೀದೀಲಿ ಒಬ್ಬರಿದ್ದಾರೆ ಅಜ್ಜಿ. ಒಳ್ಳೇ ಕೆಲಸಗಾರರು. ಈ ಓಲೆಗೆ ಅವರ ಹತ್ರ ಕೊಂಡಿ ಹಾಕಿಸ್ಕೊಳ್ಳಿ."

"ನಾನೆಲ್ಲಿಗೂ ಹೋಗಲ್ಲ ಕಣಪ್ಪಾ. ಒಂದು ಕಿವೀಲಿ ಓಲೆ, ಒಂದು ಕಿವಿ ಬೋಳು. ಹಿಂಗೆ ಬೀದೀಲಿ ಇಷ್ಟು ದೂರ ನಡ್ಕೊಂಡು ಬಂದಿದ್ದೇ ಸಾಕು. ಕೊಂಡಿಗೆ ಚಿನ್ನ ಬೇಕು ಅಂತ ನನ್ನ ಹಳೇ ಓಲೆಯ ತಿರುಪೂ ತಂದು ಕೊಟ್ಟಿದೀನಿ. ಹಾಕ್ಕೊಡು."

"ನನ್ನ ಕೈಲಿ..."

"ಅಕ್ಕಸಾಲಿಗರೇ," ಎಂದಳು ಅವಳು ಬಾಗಿಲಲ್ಲಿ ನಿಂತು. ಜೊತೆಗೆ ಬಂದ ಅಕ್ಕ ಒಳಗೆ ಹೋಗಿ ಅಜ್ಜಿಯ ಪಕ್ಕ ಕುಳಿತಳು.

ಅವನು ಇಡೀ ಮೈ ತಿರುಗಿಸಿ ನೋಡಿದ. ಚಿಮಟ ಕೈಯಿಂದ ಜಾರಿತು.

"ಮೇಡಂ... ನೀವ್ಯಾಕೆ ಇಲ್ಲೀವರೆಗೆ? ಹೇಳಿ ಕಳಿಸಿದ್ರೆ..."

"ನಿಮ್ಮ ಕಸುಬಿನ ರಿವಾಜು ನನಗೆ ಗೊತ್ತಿರಲಿಲ್ಲ," ಎಂದಳು. ನಡೆದು ಬಂದ ಆಯಾಸಕ್ಕೋ ಏನೋ ಅವಳಿಗೇ ಉಸಿರು ಸಾಲುತ್ತಿರಲಿಲ್ಲ. "ನನ್ನ ಕಸುಬಿನ ರಿವಾಜು ನಿಮಗೆ ಗೊತ್ತಿಲ್ಲ. ನಾವು ಒಬ್ಬರನ್ನ ನಡುವೆ ಇನ್ನೊಬ್ಬರ ಕೈಗೆ ಯಾವಾಗ ಒಪ್ಪಿಸ್ತೀವಿ ಗೊತ್ತಾ?"

ಅವನು ಜಾರಿದ ಚಿಮಟವನ್ನು ಎತ್ತಿ ಮೇಜಿನ ಮೇಲಿಟ್ಟ.

"ಅವರು ನಮಗೆ ಬರೀ ರೋಗಿಯಾಗಿ ಉಳೀದೇ ಇದ್ದಾಗ. ಮುಟ್ಟೋ ಕೈಯಲ್ಲಿ ಚಿಕಿತ್ಸೆ ಬಿಟ್ಟು ಬೇರೆ ಏನೋ ಸೇರ್ಕೊಂಡಾಗ. ಅಂಥ ಕೈಯಿಂದ ನಿಮ್ಮನ್ನ ಮುಟ್ಟಬಾರ್ದು ಅಂತ..." ಮುಂದೆ ಆಗಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಂಡಳು.



"ಅಂದ್ರೆ ಏನಂತೆ?" ಎಂದರು ಅಜ್ಜಿ, ಅಕ್ಕನ ಕಡೆ ವಾಲಿ.

"ಇಷ್ಟ ಅಂತೆ ಅಜ್ಜಿ," ಎಂದಳು ಅಕ್ಕ.

"ಅದನ್ನ ಹೇಳೋಕೆ ಇಷ್ಟುದ್ದ ಬೇಕಾ?"

ಅವನು ನಗಲಿಲ್ಲ. "ಹಾಗಾದ್ರೆ... ಆ ಎಕ್ಸ್‌ರೇ?"

"ನಿಮಗೆ ಸುಳ್ಳು ಹೇಳಲ್ಲ. ಡಾಕ್ಟರೂ ಇದನ್ನೇ ಹೇಳ್ತಾರೆ. ಬೆನ್ನಿನ ಕೆಲವು ಮೂಳೆಗಳು ಒಂದಕ್ಕೊಂದು ಕೂಡ್ಕೊಂಡಿವೆ. ಅವು ಬಿಡಿಸ್ಕೊಳ್ಳಲ್ಲ. ಈ ಕಾಯಿಲೆ ಹೋಗೋದೂ ಇಲ್ಲ. ಆದ್ರೆ ಪಕ್ಕೆಲುಬುಗಳು ಇನ್ನೂ ಆಡ್ತಿವೆ. ಅವತ್ತು ಆಡಿದ್ವು, ನನ್ನ ಕೈ ಕೆಳಗೇ ಆಡಿದ್ವು. ದಿನಾ ಆಡಿಸಿದ್ರೆ ಆಡ್ತಾನೇ ಇರ್ತವೆ. ಬಿಟ್ರೆ ಅವೂ ಕೂಡ್ಕೊಳ್ತವೆ. ಮಿಕ್ಕಿದ್ದು ನಿಮ್ಮ ಕೈಲಿದೆ."

ಅವನು ಮೆಲ್ಲಗೆ ಅಜ್ಜಿಯ ಓಲೆಯನ್ನು ಕೈಗೆತ್ತಿಕೊಂಡ.

"ನಿಮ್ಮ ಮಾತಿಗೆ ಉತ್ತರ ಕೊಡ್ಬೇಕು ಮೇಡಂ. ಆದ್ರೆ ಈಗ ಕೈಯಲ್ಲಿ ಕೆಲಸ ಇದೆ. ಮುಗಿಸಿ ಹೇಳ್ತೀನಿ."

"ಕಾಯ್ತೀನಿ."

ಹಳೆಯ ತಿರುಪಿನಿಂದ ಎಳೆಯಷ್ಟು ಚಿನ್ನ ಕತ್ತರಿಸಿ, ಬಾಗಿಸಿ, ಕೊಂಡಿ ಮಾಡಿದ. ಬೆಸುಗೆ ಸಲೀಸಾಗಿ ಹರಿಯಲೆಂದು ಬಿಳಿಗಾರದ ನೀರು ಸವರಿ, ಕಣ್ಣಿಗೆ ಕಾಣದಷ್ಟು ಬೆಸುಗೆಯ ಚೂರನ್ನು ಸೇರುವ ಜಾಗದಲ್ಲಿ ಕೂರಿಸಿದ. ದೀಪ ಹಚ್ಚಿ, ಊದುಗೊಳವೆಯನ್ನು ತುಟಿಗಿಟ್ಟ.

ಜ್ವಾಲೆ ಬಾಗಿತು. ನಡುಗಿತು. ಹಳದಿಯಾಗಿ ಅಲ್ಲಾಡಿ, ಆರಿಯೇ ಹೋಯಿತು.

ಅಕ್ಕ ಮುಖ ತಿರುಗಿಸಿಕೊಂಡಳು.

"ಕೆನ್ನೆ," ಎಂದಳು ಅವಳು, ಬಾಗಿಲ ಬಳಿಯಿಂದಲೇ. "ಕೆನ್ನೆಯಿಂದ ಊದಿದ್ರಿ."

"ಬಂದು ಕೈ ಇಡಿ ಮೇಡಂ. ನಿಮ್ಮ ಕೈ ಇದ್ರೆ ಬರುತ್ತೆ."

ಅವಳ ಕೈ ಎದ್ದೇಬಿಟ್ಟಿತು. ಆದರೆ ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು. "ಇಲ್ಲ. ನಾನು ಇಲ್ಲದಾಗ್ಲೂ ಬರ್ಬೇಕು. ನಿಮ್ಮ ಕೈಯನ್ನೇ ಇಟ್ಕೊಳ್ಳಿ."

ಅವನು ಕೊಳವೆ ಕೆಳಗಿಟ್ಟ. ತನ್ನ ಎರಡೂ ಅಂಗೈಗಳನ್ನು ತನ್ನದೇ ಪಕ್ಕೆಗಳ ಮೇಲಿಟ್ಟುಕೊಂಡ. ಎಷ್ಟೋ ಒಡವೆಗಳನ್ನು ಮುಟ್ಟಿದ ಆ ಕೈಗಳು ತಮ್ಮ ಒಡೆಯನನ್ನೇ ಮೊದಲ ಸಲ ಮುಟ್ಟುವಂತಿತ್ತು.

"ಭುಜ ಎತ್ತಬೇಡಿ," ಎಂದಳು ಪಿಸುದನಿಯಲ್ಲಿ. "ಪಕ್ಕಕ್ಕೆ... ನಿಧಾನ..."

ಮೊದಲು ಏನೂ ಆಗಲಿಲ್ಲ. ಮತ್ತೆ ಎಳೆದ. ಮತ್ತೆ. ಅಂಗಿಯ ಬಟ್ಟೆ ಪಕ್ಕೆಯ ಬಳಿ ಒಂದಿಷ್ಟೇ ಬಿಗಿಯಿತು. ಅವನ ಕಣ್ಣು ಅರಳಿತು. ಇನ್ನೊಂದು ಸಲ. ಬೆರಳುಗಳು ಒಂದನ್ನೊಂದು ಬಿಟ್ಟು ದೂರ ಸರಿದವು.

ಅವನು ದೀಪ ಹಚ್ಚಿ ಕೊಳವೆಯನ್ನೆತ್ತಿಕೊಂಡ.

ಈ ಸಲ ಜ್ವಾಲೆ ಬಾಗಲಿಲ್ಲ, ಹುಟ್ಟಿತು! ಹಳದಿಯ ಮೈಯಿಂದ ಸೂಜಿಯಂಥ ನೀಲಿ ನಾಲಿಗೆಯೊಂದು ಹೊರಟು, ನೆಟ್ಟಗೆ, ನಿಶ್ಚಲವಾಗಿ ಚಿನ್ನದ ಮೇಲೆ ನಿಂತಿತು. ಅವನ ಕೆನ್ನೆ ಚಪ್ಪಟೆಯಾಗಿತ್ತು. ಉಸಿರು ಆಳದಿಂದ ಬರುತ್ತಿತ್ತು.



ಚಿನ್ನ ಮೊದಲು ಮಂಕಾಯಿತು. ಕೆಂಪಾಯಿತು. ಬಳಿಕ, ಅವನು ಎಂದೋ ಹೇಳಿದ್ದ ಆ ಕ್ಷಣ ಬಂತು. ಬೆಸುಗೆ ಕರಗಿ, ಜೀವ ಬಂದಂತೆ ಮಿಂಚಿ, ಓಲೆಗೂ ಕೊಂಡಿಗೂ ನಡುವಿನ ಕೂದಲೆಳೆಯ ಬಿರುಕಿನಲ್ಲಿ ಹರಿದು ಮಾಯವಾಯಿತು. ಎರಡಿದ್ದದ್ದು ಒಂದಾಯಿತು. ಎಲ್ಲಿ ಸೇರಿತೆಂದು ಹೇಳಲು ಯಾವ ಕಣ್ಣಿಗೂ ಸಾಧ್ಯವಿರಲಿಲ್ಲ.

ಅವಳು ಕೈ ಮುಗಿದುಬಿಟ್ಟಳು. ಯಾರಿಗೆಂದು ಅವಳಿಗೇ ತಿಳಿಯಲಿಲ್ಲ. ಬೆಂಕಿಗೋ, ಉಸಿರಿಗೋ, ಅದನ್ನು ಮಣ್ಣಿನ ಈ ಮೈಯೊಳಗೆ ತುಂಬಿಟ್ಟವನಿಗೋ...

ಅವನು ಓಲೆಯನ್ನು ತಣಿಸಿ, ಅರದಲ್ಲಿ ಉಜ್ಜಿ, ಒರೆಸಿ, ಮೇಜಿನ ಮೇಲಿಟ್ಟ.

"ಕೆಲಸ ಮುಗೀತು ಮೇಡಂ."

"ಹ್ಞೂಂ."

"ಅವತ್ತು ನಿಮ್ಮ ಕೈ ನಡುಗ್ತಾ ಇದೆ ಅಂದೆನಲ್ಲ... ನಡುಗಿದ್ದು ನಿಮ್ಮ ಕೈಯೋ, ಒಳಗಿದ್ದ ನನ್ನ ಎದೆಯೋ, ನನಗೇ ಗೊತ್ತಾಗಲಿಲ್ಲ. ಈ ಬಗ್ಗಿದ ಬೆನ್ನಿನವನು ಇಂಥದ್ದಕ್ಕೆಲ್ಲ ಆಸೆಪಡಬಾರ್ದು ಅಂತ ಆ ನಡುಕಾನ ನಿಮ್ಮ ಕೈ ಮೇಲೆ ಹಾಕ್ಬಿಟ್ಟೆ."

ಅವಳ ಮುಖ ಬೆಳಗಿತು.

"ನನ್ನ ಬೆನ್ನು ಹೀಗೇ ಇರುತ್ತೆ. ನಿಮ್ಮ ಮುಖ ನೋಡ್ಬೇಕಂದ್ರೂ ಇಡೀ ಮೈ ತಿರುಗಿಸ್ಬೇಕು."

"ತಿರುಗಿಸಿ. ಯಾರು ಬೇಡ ಅಂದ್ರು?"

ಅವನು ಇಡೀ ಮೈ ತಿರುಗಿಸಿ ಅವಳನ್ನು ನೋಡಿದ.

"ನಾಳೆ ಬೆಳಿಗ್ಗೆ ಪೈಲ್ವಾನ್ ಸರ್ ಹತ್ರ ಹೋಗ್ಬೇಕು," ಎಂದಳು ಕಣ್ಣೊರೆಸಿಕೊಳ್ಳುತ್ತ. "ತಪ್ಪಿಸೋ ಹಾಗಿಲ್ಲ."

"ಹೋಗ್ತೀನಿ. ನೀವು?"

"ನಾನು ಸಂಜೆ ಇಲ್ಲಿಗೆ ಬರ್ತೀನಿ."

"ಏನಕ್ಕೆ ಮೇಡಂ?"

"ಏನಕ್ಕೂ ಇಲ್ಲ. ನೀವು ಉಸಿರಾಡೋದನ್ನ ನೋಡ್ಕೊಂಡು ಕೂರೋಕೆ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಅಜ್ಜಿ ಓಲೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ತಲೆಯನ್ನು ಅತ್ತ ಇತ್ತ ಅಲ್ಲಾಡಿಸಿ, "ಭದ್ರವಾಗಿದೆ ಕಣಪ್ಪಾ. ಇನ್ನು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು," ಎನ್ನುತ್ತ ಎದ್ದು ಹೊಸ್ತಿಲ ಕಡೆ ನಡೆದರು.

"ಅಜ್ಜೀ, ಒಂದು ನಿಮಿಷ."

ಅವನು ಚರ್ಮದ ಜೋಳಿಗೆಯೊಳಗೆ ಬೆರಳಾಡಿಸಿದ. ಹಳೆಯ ತಿರುಪಿನಲ್ಲಿ ಮಿಕ್ಕಿದ್ದ ಚೂರನ್ನೂ, ಅರದಲ್ಲಿ ಉಜ್ಜುವಾಗ ಉದುರಿದ್ದ ಧೂಳಿನಂಥ ಹೊಳಪನ್ನೂ ಕುಂಚದಿಂದ ಬಳಿದು ಒಂದು ಕಾಗದದ ಮೇಲೆ ಹಾಕಿದ. ಮಡಿಸಿ, ಮತ್ತೊಮ್ಮೆ ಮಡಿಸಿ, ಎದ್ದು ನಿಂತು, "ಇದೂ ನಿಮ್ಮದೇ ಚಿನ್ನ," ಎಂದು ಅಜ್ಜಿಯ ಅಂಗೈಯಲ್ಲಿಟ್ಟು ಅವರ ಬೆರಳುಗಳನ್ನು ಮುಚ್ಚಿದ.